ತುಕ್ಕಣ್ಣನ ಹನ್ನೆರಡು ಸಹಿಗಳು

ಮನುಷ್ಯನಿಗೆ ತುಕ್ಕು ಹಿಡಿಯುತ್ತದೆ ಎಂಬ ಸಂಗತಿ ನಮ್ಮ ಕಚೇರಿಯಲ್ಲಿ ಎಲ್ಲರಿಗೂ ಮೊದಲಿಂದಲೂ ಗೊತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಕೂತ ಕುರ್ಚಿಯಿಂದ ಸಂಜೆ ಐದರ ತನಕ ಏಳದವರು ಹದಿನಾಲ್ಕು ಮಂದಿ ಇದ್ದೆವು. ಆದರೆ ಅದಕ್ಕೆ ವಿಜ್ಞಾನದಲ್ಲಿ ಒಂದು ಹೆಸರಿದೆ, ರಕ್ತ ತೆಗೆದು ಅದನ್ನು ಅಳೆಯಬಹುದು, ಸೂಜಿ ಚುಚ್ಚಿ ಇಳಿಸಬಹುದೋ ಏನೋ ಎಂದು ತಿಳಿದವರು ತಲೆ ಕೆಡಿಸಿಕೊಂಡಿದ್ದಾರೆ ಎಂಬುದನ್ನು ನಮಗೆ ತಿಳಿಸಿದವನು ತುಕ್ಕಣ್ಣ. ತಿಳಿಸಿದ್ದರಲ್ಲಿ ತಪ್ಪೇನೂ ಇಲ್ಲ. ಅಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನೆಲ್ಲ ಬರೆಯುವ ಶ್ರಮ ನನಗೆ ತಪ್ಪುತ್ತಿತ್ತು.

ತುಕ್ಕಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ನಮ್ಮದು ಊರಿನ ಕಬ್ಬಿಣದ ಮೇಲ್ಸೇತುವೆಗಳನ್ನು ನೋಡಿಕೊಳ್ಳುವ ಕಚೇರಿ. ಜನ ದೊಡ್ಡ ರಸ್ತೆ ದಾಟಲೆಂದು ಕಟ್ಟಿದ, ರಸ್ತೆಯ ಎರಡೂ ಬದಿಗೆ ಎಡಕ್ಕೊಂದು ಬಲಕ್ಕೊಂದು ಮೆಟ್ಟಿಲಿರುವ ಸೇತುವೆಗಳು, ಒಟ್ಟು ನಲವತ್ತೆರಡು. ಇವಕ್ಕೆ ಎಲ್ಲೆಲ್ಲಿ ಎಷ್ಟೆಷ್ಟು ತುಕ್ಕು ಹಿಡಿದಿದೆ ಎಂದು ನೋಡಿ ಸೊನ್ನೆಯಿಂದ ಐದರವರೆಗೆ ದರ್ಜೆ ಕೊಡುವುದು ಅವನ ಕೆಲಸ. ಸೊನ್ನೆ ಅಂದರೆ ಹೊಚ್ಚ ಹೊಸದು, ಐದು ಅಂದರೆ ಆಯುಷ್ಯದ ಮೇಲೆ ಆಸೆ ಇದ್ದವರು ಹತ್ತಬೇಡಿ. ಅವನ ಬಳಿ ಇದ್ದ ಉಪಕರಣ ಒಂದು ಪುಟ್ಟ ಸುತ್ತಿಗೆ. ತಟ್ಟಿದರೆ ಗಟ್ಟಿ ಕಬ್ಬಿಣ ‘ಟಣ್’ ಅನ್ನುತ್ತದೆ, ಒಳಗೊಳಗೇ ತಿಂದು ಹೋದದ್ದು ‘ಡಬ್’ ಅನ್ನುತ್ತದೆ. ಇಪ್ಪತ್ತಾರು ವರ್ಷ ಇದನ್ನೇ ಕೇಳಿ ಕೇಳಿ ಅವನ ಕೈಗೆ ಚಾಳಿ ಅಂಟಿಕೊಂಡಿತ್ತು. ನೆಂಟರ ಮನೆಗೆ ಹೋದರೆ ಕುರ್ಚಿ ತಟ್ಟಿ ನೋಡದೆ ಕೂರುತ್ತಿರಲಿಲ್ಲ. ಒಮ್ಮೆ ಮಾವನವರು ಲೋಟದಲ್ಲಿ ನೆನೆಹಾಕಿದ್ದ ಹೊಸ ಹಲ್ಲಿನ ಸೆಟ್ಟನ್ನೂ ತಟ್ಟಿ, ‘ಟಣ್ ಅಂತಿದೆ, ಚಿಂತೆಯಿಲ್ಲ’ ಎಂದು ಅವರಿಗೇ ಧೈರ್ಯ ಹೇಳಿದ್ದ.

ನಮ್ಮ ಕಚೇರಿಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ತಿಂಗಳ ಒಂದನೇ ತಾರೀಖು ನಲವತ್ತೆರಡು ಸಾಲಿನ ಒಂದು ಫಾರಂ ಬರುತ್ತದೆ. ಅದಕ್ಕೆ ತುಕ್ಕಣ್ಣ ಅವತ್ತೇ, ಒಂದೇ ಪೆನ್ನಿನಲ್ಲಿ, ಕೂತಲ್ಲೇ ಎಲ್ಲಾ ಸಾಲಿಗೂ ಸಹಿ ಹಾಕಿಬಿಡುತ್ತಾನೆ. ಹಾಗೆ ಮಾಡಿದರೆ ಫಾರಂ ನೋಡಲು ಚೊಕ್ಕಟವಾಗಿರುತ್ತದೆ. ಸೇತುವೆಗಳನ್ನು ತಿಂಗಳಿಡೀ ಬಿಡುವಾದಾಗ ಹೋಗಿ ನೋಡಿದರಾಯಿತು. ಅವನಿಗೆ ಮಂಡಿನೋವು ಶುರುವಾದ ಮೇಲೆ ಈ ‘ಬಿಡುವಾದಾಗ’ ಎಂಬುದು ಬರಲೇ ಇಲ್ಲ. ನಾನು ಪಕ್ಕದ ಮೇಜಿನವನು. ಅವನ ಸಹಿಯ ಪಕ್ಕದಲ್ಲಿ ‘ಪರಿಶೀಲಿಸಿದೆ’ ಎಂದು ಸಹಿ ಹಾಕುವುದು ನನ್ನ ಕೆಲಸ. ಏನು ಪರಿಶೀಲಿಸಿದೆ ಅಂದರೆ ಅವನ ಸಹಿ ಇದೆಯೋ ಇಲ್ಲವೋ ಎಂದು ಪರಿಶೀಲಿಸಿದೆ. ನನ್ನ ಸಹಿ ನೋಡಿ ಸಾಹೇಬರು ಸಹಿ ಹಾಕುತ್ತಿದ್ದರು. ಹೀಗೆ ಊರಿನ ಒಂದೊಂದು ಸೇತುವೆಯೂ ಮೂರು ಮೂರು ಸಹಿಗಳ ಆಧಾರದ ಮೇಲೆ ಭದ್ರವಾಗಿ ನಿಂತಿತ್ತು.

ಅವನ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತೇನೆ. ನಾವು ಒಂದೇ ಕಟ್ಟಡದಲ್ಲಿ ಮೇಲೆ ಕೆಳಗೆ ಇರುವವರು. ಅತ್ತಿಗೆ ಮನೆಯಲ್ಲೇ ಟೈಲರ್ ಕೆಲಸ ಮಾಡುತ್ತಾರೆ. ವಿಧಿಯ ಆಟ ಏನೆಂದರೆ, ಇಡೀ ದಿನ ಸೂಜಿ ಹಿಡಿಯುವ ಆ ಹೆಂಗಸಿಗೆ ಸೂಜಿ ಕಂಡರೆ ಬೆವರುವ ಗಂಡ ಸಿಕ್ಕಿದ್ದ. ಅತ್ತಿಗೆ ದಾರ ಪೋಣಿಸಲು ಕೂತರೆ ತುಕ್ಕಣ್ಣನಿಗೆ ಬಾಲ್ಕನಿಯಲ್ಲಿ ಏನಾದರೂ ಕೆಲಸ ನೆನಪಾಗುತ್ತಿತ್ತು.

ಒಂದು ಭಾನುವಾರ ಅತ್ತಿಗೆಯ ಹತ್ತಿರ ಬಿಳಿ ಕೋಟಿನ ತೋಳು ಚಿಕ್ಕದು ಮಾಡಿಸಲು ಒಬ್ಬ ಹುಡುಗಿ ಬಂದಳು. ಸಂಶೋಧನೆ ಮಾಡುತ್ತಿದ್ದಳು. ತುಕ್ಕಣ್ಣ ಮಂಡಿ ಹಿಡಿದುಕೊಂಡು ಏಳುವುದನ್ನು ನೋಡಿ ಪಾಪ ಎನಿಸಿತೋ ಏನೋ, ತನ್ನ ಕೆಲಸದ ವಿಷಯ ಹೇಳಿದಳು. ಕಬ್ಬಿಣಕ್ಕೆ ತುಕ್ಕು ಹಿಡಿಸುವುದೂ ಆಮ್ಲಜನಕ, ನಮ್ಮನ್ನು ಬದುಕಿಸಿರುವುದೂ ಅದೇ. ಅದನ್ನು ಬಳಸಿಕೊಳ್ಳುವಾಗ ದೇಹದೊಳಗೆ ಒಂದಷ್ಟು ಪುಂಡ ಕಣಗಳು ಹುಟ್ಟಿ ಸಿಕ್ಕ ಸಿಕ್ಕ ಜೀವಕೋಶಕ್ಕೆ ಬಾಯಿ ಹಾಕುತ್ತವೆ. ದೇಹ ತನ್ನದೇ ಕಾವಲು ಇಟ್ಟುಕೊಂಡಿರುತ್ತದೆ. ಪುಂಡರು ಹೆಚ್ಚಿ ಕಾವಲು ಸಾಲದೆ ಹೋದರೆ ಅದಕ್ಕೆ ಆಕ್ಸಿಡೇಟಿವ್ ಸ್ಟ್ರೆಸ್ ಎನ್ನುತ್ತಾರೆ. ಅಕ್ಯುಪಂಕ್ಚರ್ ಮಾಡಿದರೆ ಈ ಕಾವಲು ಬಲವಾಗಬಹುದು ಎಂದು ಇಲಿಗಳ ಮೇಲೆ ನೋಡಿದವರು ಹೇಳಿದ್ದಾರೆ, ಮನುಷ್ಯರ ಮೇಲೆ ಇನ್ನೂ ಗಟ್ಟಿಯಾಗಿ ಹೇಳುವಂತಿಲ್ಲ. ಅದಕ್ಕೇ ನಲವತ್ತು ಜನ ಬೇಕು. ಇಪ್ಪತ್ತು ಜನಕ್ಕೆ ಆರು ವಾರದಲ್ಲಿ ಹನ್ನೆರಡು ಸಲ ಚಿಕಿತ್ಸೆ, ಉಳಿದ ಇಪ್ಪತ್ತು ಜನ ಇದ್ದ ಹಾಗೇ ಇರುವುದು. ಮೊದಲೊಮ್ಮೆ ಕೊನೆಗೊಮ್ಮೆ ಎಲ್ಲರ ರಕ್ತ ಪರೀಕ್ಷೆ.

ಇಷ್ಟರಲ್ಲಿ ತುಕ್ಕಣ್ಣನ ಕಿವಿಗೆ ಬಿದ್ದದ್ದು ‘ದೇಹ’ ಮತ್ತು ‘ತುಕ್ಕು’ ಎಂಬ ಎರಡು ಮಾತು ಮಾತ್ರ. ತನ್ನ ಇಪ್ಪತ್ತಾರು ವರ್ಷದ ಸೇವೆಯನ್ನು ವಿಜ್ಞಾನ ಕಡೆಗೂ ಗುರುತಿಸಿತು ಎಂಬ ಸಂತೋಷದಲ್ಲಿ, ‘ಇದರಲ್ಲಿ ದರ್ಜೆ ಎಷ್ಟಮ್ಮಾ?’ ಎಂದು ಕೇಳಿದ. ಅವಳು ಉತ್ತರ ಹುಡುಕುವಷ್ಟರಲ್ಲಿ ಒಪ್ಪಿಗೆಯ ಕಾಗದ ಎಳೆದುಕೊಂಡು ನಾಲ್ಕೂ ಪುಟಕ್ಕೆ ಸಹಿ ಹಾಕಿದ್ದ. ಓದಿದನೇ ಅಂದರೆ, ಓದಿ ಸಹಿ ಹಾಕುವುದು ಅವನ ವೃತ್ತಿಗೇ ಅವಮಾನ. ಕಾಗದ ವಾಪಸ್ಸು ತೆಗೆದುಕೊಳ್ಳುತ್ತಾ ಹುಡುಗಿ ಹೇಳಿದಳು: “ಏನೂ ಭಯ ಪಡ್ಬೇಡಿ ಸರ್, ಸೂಜಿ ಕೂದಲಿನಷ್ಟು ಸಣ್ಣಗಿರತ್ತೆ.”

ತುಕ್ಕಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಕೋಟಿನ ತೋಳು ನೋಡುತ್ತಿದ್ದರು. ಅವನಿಗೆ ಸಿಕ್ಕ ನಂಬರು ಹದಿನೇಳು, ಅದೂ ಸೂಜಿ ಚುಚ್ಚಿಸಿಕೊಳ್ಳುವ ಇಪ್ಪತ್ತು ಜನರಲ್ಲಿ.

ಮೊದಲ ರಕ್ತ ಪರೀಕ್ಷೆಗೆ ಜೊತೆಗೆ ಹೋದವನು ನಾನೇ. ಭಯವಾದಾಗ ಮನಸ್ಸು ಬೇರೆ ಕಡೆ ತಿರುಗಿಸಲು ಅವನು ಸೇತುವೆಗಳನ್ನು ವರಸೆಯಾಗಿ ಜಪಿಸುತ್ತಾನೆ. ಒಂದನೇದು ಮಾರುಕಟ್ಟೆ ಹತ್ತಿರದ್ದು, ಎರಡನೇದು ರೈಲು ನಿಲ್ದಾಣದ್ದು, ಹೀಗೆ. ಹತ್ತೊಂಬತ್ತನೇ ಸೇತುವೆಗೆ ಬಂದಾಗ ಕುರ್ಚಿಯಿಂದ ಜಾರಿ ನನ್ನ ಪಾದದ ಮೇಲೆ ಮಲಗಿದ. ರಕ್ತ ತೆಗೆದದ್ದು ಹದಿನಾಲ್ಕನೇ ಸೇತುವೆಯಲ್ಲೇ ಮುಗಿದಿತ್ತು.

ಮುಂದೆ ಚಿಕಿತ್ಸೆಯ ಮೊದಲ ದಿನ ನಡೆದದ್ದನ್ನು ಅವನು ಎಷ್ಟೋ ಆಮೇಲೆ ನನಗೆ ಹೇಳಿದ. ಕ್ಲಿನಿಕ್ಕಿನಲ್ಲಿ ಆರು ಮಂಚ, ನಡುನಡುವೆ ಪರದೆ. ವೈದ್ಯರು ಸರ್ಕಾರಿ ನೌಕರಿಯಿಂದ ನಿವೃತ್ತರಾದ ಸಾಧು ಮನುಷ್ಯರು. ಪ್ರತಿ ಮಂಚದ ಪಕ್ಕ ಗೋಡೆಯ ಮೊಳೆಗೆ ಒಂದು ಕಾರ್ಡು, ದಾರದಲ್ಲಿ ಕಟ್ಟಿದ ಪೆನ್ನು. ಕಾರ್ಡಿನಲ್ಲಿ ಹನ್ನೆರಡು ಮನೆ. ಬಂದ ದಿನ ಒಂದೊಂದರಲ್ಲಿ ಸಹಿ ಹಾಕಬೇಕು, ಪಕ್ಕದಲ್ಲಿ ವೈದ್ಯರದ್ದೂ ಒಂದು. ಖಾಲಿ ಮನೆಗಳು, ಕೈಯಲ್ಲಿ ಪೆನ್ನು. ನಮ್ಮ ಕಚೇರಿಯಲ್ಲಿ ಪಳಗಿದ ಮನುಷ್ಯ ಇನ್ನೇನು ಮಾಡಿಯಾನು? ಹನ್ನೆರಡಕ್ಕೂ ಒಂದೇ ಪಟ್ಟಿಗೆ ಸಹಿ ಬಿತ್ತು. ಅದರಲ್ಲಿ ಮೋಸದ ಯೋಚನೆ ಎಳ್ಳಷ್ಟೂ ಇರಲಿಲ್ಲ, ಬರುವುದೆಂದೇ ಅವನ ಸಂಕಲ್ಪವಾಗಿತ್ತು. ಆಮೇಲೆ ಮಂಚದ ಮೇಲೆ ಮಲಗಿದ. ಪರದೆಯ ಸಂದಿಯಲ್ಲಿ ಪಕ್ಕದ ಮಂಚ ಕಾಣುತ್ತಿತ್ತು. ಅಲ್ಲಿದ್ದ ದಪ್ಪ ಮೀಸೆಯ ಯಜಮಾನರ ಎರಡು ಹುಬ್ಬಿನ ನಡುವೆ ಒಂದು ಸೂಜಿ ನಿಂತಿತ್ತು. ಅವರು ನಗುತ್ತಿದ್ದರು. ಆ ನಗು ನೋಡಿದ್ದೇ ತಡ ತುಕ್ಕಣ್ಣ ಕಾಲಿಗೆ ಬುದ್ಧಿ ಹೇಳಿದ. ಎರಡು ವರ್ಷದಿಂದ ನೆಟ್ಟಗೆ ಮಡಚದಿದ್ದ ಮಂಡಿ ಹಿಂದಿನ ಮೆಟ್ಟಿಲನ್ನು ಎರಡೆರಡಾಗಿ ಇಳಿಯಿತು. ವೈದ್ಯರು ಬಂದು ನೋಡಿದರೆ ಮಂಚ ಖಾಲಿ, ಕಾರ್ಡು ಭರ್ತಿ. ಸಹಿ ಇದ್ದ ಕಡೆ ಸಹಿ ಹಾಕಿ ಅಭ್ಯಾಸವಿದ್ದ ಸರ್ಕಾರಿ ಕೈ, ತನ್ನ ಪಾಲಿನದನ್ನೂ ಹಾಕಿಬಿಟ್ಟಿತು.

ಈಗ ಸಮಸ್ಯೆ ಏನೆಂದರೆ, ಮಂಗಳವಾರ ಮತ್ತು ಶುಕ್ರವಾರ ಐದೂವರೆಯಿಂದ ಏಳರವರೆಗೆ ಅವನು ಎಲ್ಲೂ ಕಾಣಿಸಿಕೊಳ್ಳುವಂತಿಲ್ಲ. ಮನೆಗೆ ಹೋದರೆ ಅತ್ತಿಗೆ, ಚಹಾದಂಗಡಿಗೆ ಹೋದರೆ ನಾನು. ಕ್ಲಿನಿಕ್ಕಿನ ಎದುರಿಗೇ ನಮ್ಮ ಏಳನೇ ನಂಬರಿನ ಸೇತುವೆ ಇತ್ತು. ರಸ್ತೆಯಲ್ಲಿ ಹೋಗುವವರು ತಲೆಯೆತ್ತಿ ಸೇತುವೆಯ ಮೇಲೆ ಯಾರಿದ್ದಾರೆಂದು ನೋಡುವುದಿಲ್ಲ. ತುಕ್ಕಣ್ಣ ಹತ್ತಿದ. ಹತ್ತಿದ ಮೇಲೆ ಸುಮ್ಮನೆ ನಿಲ್ಲಲು ಬೇಸರವಾಗಿ ಚೀಲದಿಂದ ಸುತ್ತಿಗೆ ತೆಗೆದ. ಸಂಜೆಗೆ ಮೂರು ನಾಲ್ಕರಂತೆ ಆರು ವಾರದಲ್ಲಿ ನಲವತ್ತೆರಡನ್ನೂ ಹತ್ತಿ, ಇಳಿದು, ಅಡಿಯಲ್ಲಿ ತೂರಿ, ತಟ್ಟಿದ. ಮಂಡಿ ಮೊದಲನೇ ವಾರ ಅತ್ತಿತು, ಎರಡನೇ ವಾರ ಬೈಯಿತು, ಮೂರನೇ ವಾರ ಇವನ ಸಹವಾಸವೇ ಬೇಡವೆಂದು ಸುಮ್ಮನಾಯಿತು.

ಇತ್ತ ಕಚೇರಿಯಲ್ಲಿ ಇವನ ಬಾಯಿಗೆ ಬೀಗವಿರಲಿಲ್ಲ. ಓಡಿಬಂದವನು ತೆಪ್ಪಗಿರಬೇಕಿತ್ತು. ಆದರೆ ಮೊದಲ ವಾರವೇ ಟೈಪಿಸ್ಟ್ ಅಕ್ಕ, ‘ಏನ್ರೀ, ಮುಖದಲ್ಲಿ ಕಳೆ ಬಂದಿದೆ’ ಎಂದುಬಿಟ್ಟರು. ಅಷ್ಟು ಸಾಕಾಯಿತು. ಸೂಜಿ ಹೋಗುವಾಗ ಇರುವೆ ಕಚ್ಚಿದಷ್ಟೂ ಗೊತ್ತಾಗುವುದಿಲ್ಲ, ಆಮೇಲೆ ಬೆನ್ನುಹುರಿಯಲ್ಲಿ ಝುಮ್ ಎಂದು ವಿದ್ಯುತ್ತು ಹರಿದು ಕಾಲಿನ ಹೆಬ್ಬೆರಳಿನಿಂದ ತುಕ್ಕು ಇಳಿದುಹೋಗುತ್ತದೆ ಎಂದು ವರ್ಣಿಸಿದ. ನಂತರ ನಮಗೆಲ್ಲ ದರ್ಜೆ ಕೊಡಲು ಕುಳಿತ. ಪ್ರತಿಯೊಬ್ಬರ ಮಂಡಿಚಿಪ್ಪಿಗೂ ಸುತ್ತಿಗೆಯ ಹಿಡಿಯಿಂದ ಒಂದು ಏಟು, ಕಿವಿ ಹತ್ತಿರ ತಂದು ಒಂದು ಗಳಿಗೆ ಧ್ಯಾನ. ಟೈಪಿಸ್ಟ್ ಅಕ್ಕನಿಗೆ ಎರಡು. ನನಗೆ ಮೂರು. ನಾನು ವಾದಿಸಿದೆ, ಅವನು ಕರಗಲಿಲ್ಲ.

ಈ ಗಲಾಟೆಗೆ ಸಾಹೇಬರು ತಮ್ಮ ಕೋಣೆಯಿಂದ ಹೊರಗೆ ಬಂದರು. ಬಂದವರು ಬೈದು ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಪ್ಯಾಂಟು ಸ್ವಲ್ಪ ಮೇಲೆತ್ತಿ ಮಂಡಿ ಮುಂದೆ ಮಾಡಿದರು. ತುಕ್ಕಣ್ಣ ತಟ್ಟಿದ, ಕೇಳಿದ, ಮತ್ತೊಮ್ಮೆ ತಟ್ಟಿದ. ಸೇತುವೆಯ ವಿಷಯದಲ್ಲಿ ಸುಳ್ಳು ಸಹಿ ಹಾಕಬಲ್ಲವನಿಗೆ ಆ ಹೊತ್ತಿನಲ್ಲಿ ಎಲ್ಲಿಲ್ಲದ ಪ್ರಾಮಾಣಿಕತೆ ಬಂತು.

“ನಾಲ್ಕು ಸಾರ್,” ಎಂದ. “ಬಣ್ಣ ಬಳಿದ್ರೆ ಪ್ರಯೋಜನ ಇಲ್ಲ. ಕೆರೀಬೇಕು.”

ಸಾಹೇಬರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಇವನ ಕೆಲಸ ಹೋಯಿತು ಎಂದೇ ನಾವು ತಿಳಿದೆವು. ಮರುದಿನ ನೋಡಿದರೆ ಅವರೇ ಸೂಜಿ ವೈದ್ಯರ ಹತ್ತಿರ ಹೆಸರು ಬರೆಸಿ ಬಂದಿದ್ದರು, ಸಂಶೋಧನೆಗಲ್ಲ, ಸ್ವಂತಕ್ಕೆ. ಸಾಹೇಬರು ಹೋದ ಮೇಲೆ ಕೇಳಬೇಕೆ, ಎರಡು ವಾರದಲ್ಲಿ ಅರ್ಧ ಕಚೇರಿ ಅಲ್ಲಿ ಮಲಗಿತ್ತು. ತುಕ್ಕಣ್ಣ ಮಾತ್ರ ಯಾರ ಕಣ್ಣಿಗೂ ಅಲ್ಲಿ ಬೀಳಲಿಲ್ಲ. ಸಂಶೋಧನೆಯವರಿಗೆ ಬೇರೆ ಮಂಚ, ಅಲ್ಲಿ ಪರದೆ ದಪ್ಪ ಎಂದು ಅವನೇ ವಿವರಣೆ ಕೊಟ್ಟ. ಸಾಹೇಬರು ಒಂದು ದಿನ ಅವನನ್ನು ಒಳಗೆ ಕರೆದು, ತಮಗೆ ಇನ್ನೂ ವಿದ್ಯುತ್ತು ಹರಿಯಲಿಲ್ಲವಲ್ಲ ಎಂದು ತಗ್ಗಿದ ದನಿಯಲ್ಲಿ ವಿಚಾರಿಸಿದರಂತೆ. ತುಕ್ಕು ಹಳೆಯದಾದರೆ ತಡವಾಗುತ್ತದೆ ಎಂದು ಇವನು ಸಮಾಧಾನ ಹೇಳಿ ಬಂದ. ಪಾಪ, ಆ ಮನುಷ್ಯ ಇಡೀ ವಾರ ತಮ್ಮ ಹೆಬ್ಬೆರಳು ನೋಡಿಕೊಳ್ಳುತ್ತಾ ಓಡಾಡಿದರು.

ಅದೇ ಸುಮಾರಿಗೆ ಏಳನೇ ಸೇತುವೆಯ ಎಡಗಡೆ ಮೆಟ್ಟಿಲಿಗೆ ಅಡ್ಡಲಾಗಿ ಒಂದು ಹಲಗೆ ಮತ್ತು ‘ಬಣ್ಣ ಹಸಿ ಇದೆ, ಹತ್ತಬೇಡಿ’ ಎಂಬ ಬೋರ್ಡು ಬಂತು. ಬಲಗಡೆಯ ಮೆಟ್ಟಿಲಲ್ಲಿ ಹತ್ತಿ ಇಳಿಯುವಾಗ ನಾನೇ ನೋಡಿದೆ. ಒಂದು ವಾರವಾಯಿತು, ಎರಡು ವಾರವಾಯಿತು, ಬೋರ್ಡು ಹಾಗೇ ಇತ್ತು. ಇದ್ಯಾವ ಬಣ್ಣವಪ್ಪ ಒಣಗದೇ ಇರುವುದು ಎಂದು ತುಕ್ಕಣ್ಣನನ್ನು ಕೇಳಿದರೆ, ಹೊಸ ಕಂಪನಿಯದು, ನಿಧಾನ ಎಂದ. ನಾನು ಅದನ್ನೂ ಪರಿಶೀಲಿಸಿದೆ ಎಂದೇ ಭಾವಿಸಿದೆ.

ಆರು ವಾರ ಮುಗಿದು ಎರಡನೇ ರಕ್ತ ಪರೀಕ್ಷೆಯಾಯಿತು. ಈ ಸಲ ಅವನು ಇಪ್ಪತ್ತಾರನೇ ಸೇತುವೆಯವರೆಗೂ ಹೋಗಿ ಬಿದ್ದ. ಪ್ರಗತಿ ಎಂದರೆ ಪ್ರಗತಿಯೇ.

ಹತ್ತು ದಿನಕ್ಕೆ ಆ ಹುಡುಗಿ ಮನೆಗೆ ಬಂದಳು. ನಾನೂ ಅಲ್ಲಿದ್ದೆ. ಅತ್ತಿಗೆ ಮೆಷಿನ್ನಿನ ಮುಂದೆ ಕೂತು ಪರದೆ ಹೊಲಿಯುತ್ತಿದ್ದರು. ಹುಡುಗಿ ಒಂದು ಹಾಳೆ ಬಿಡಿಸಿದಳು. ಅದರ ತುಂಬ ಚುಕ್ಕೆಗಳು. ತುಕ್ಕು ಇಳಿದಷ್ಟೂ ಚುಕ್ಕೆ ಕೆಳಗಿರುತ್ತದೆ. ಎಲ್ಲರ ಚುಕ್ಕೆಗಳೂ ಸಂತೆಯ ಹಾಗೆ ಒಂದು ಕಡೆ ಗುಂಪಾಗಿದ್ದವು, ಒಂದು ಚುಕ್ಕೆ ಮಾತ್ರ ಎಲ್ಲರನ್ನೂ ಬಿಟ್ಟು ಹಾಳೆಯ ತಳದಲ್ಲಿ ಕೂತಿತ್ತು. ಅದರ ಪಕ್ಕ ಹದಿನೇಳು ಎಂದು ಬರೆದಿತ್ತು. ಅವಳ ಪ್ರೊಫೆಸರು ಆ ಚುಕ್ಕೆ ನೋಡಿ ಕುಣಿದಾಡಿದ್ದಾರಂತೆ. ಇವಳಿಗೆ ಮಾತ್ರ ಸಮಾಧಾನವಿರಲಿಲ್ಲ.

“ನಿಮ್ಮನ್ನ ಬಿಟ್ರೆ ಸೂಜಿಯವರದ್ದಕ್ಕೂ ಸುಮ್ನಿದ್ದವರದ್ದಕ್ಕೂ ಅಂಥಾ ವ್ಯತ್ಯಾಸ ಇಲ್ಲ ಸರ್. ಇದ್ದೀತು, ಇಲ್ದೇನೂ ಇದ್ದೀತು. ನಿಮ್ಮನ್ನ ಸೇರಿಸ್ಕೊಂಡ್ರೆ ಗುಣ ಇದೆ ಅಂತ ಬರೀಬಹುದು. ಅದಕ್ಕೇ ಕೇಳೋಕೆ ಬಂದೆ. ಹನ್ನೆರಡೂ ಸಲ ಬಂದಿದ್ರಿ ಅಲ್ವಾ?”

“ಸಹಿ ಇದೆಯಲ್ಲಮ್ಮಾ,” ಎಂದ ತುಕ್ಕಣ್ಣ.

“ಇದೆ. ಹನ್ನೆರಡೂ ಒಂದೇ ಥರ ಇದೆ.”

“ನಂದು ಸ್ಥಿರವಾದ ಕೈ.”

ನಾನು ಹೆಮ್ಮೆಯಿಂದ ತಲೆಯಾಡಿಸಿದೆ. ಅವಳು ಹಾಳೆ ಮಡಚಿದಳು. ಆಮೇಲೆ ಹೇಳಿದಳು: “ಮೂರು ವರ್ಷದ ಕೆಲಸ ಸರ್. ಸುಳ್ಳಾದ್ರೆ ನನ್ನ ಓದು ಹೋಗತ್ತೆ, ಅದು ಹಾಗಿರ್ಲಿ. ನಾನು ಬರ್ದಿದ್ದನ್ನ ಓದಿ ಯಾರೋ ಕಾಯಿಲೆಯವರು ಮಾತ್ರೆ ಬಿಟ್ಟು ಬರೀ ಸೂಜಿ ನಂಬ್ಕೊಂಡು ಕೂತ್ರೆ ಏನ್ಮಾಡ್ಲಿ? ಸೇತುವೆಗೆ ಸಹಿ ಹಾಕೋರು ನೀವು, ನಿಮಗೆ ನಾನು ಹೇಳ್ಬೇಕಾಗಿಲ್ಲ. ಬಂದಿದ್ದೆ ಅಂತ ಒಂದು ಮಾತು ಹೇಳಿ, ಅದರ ಮೇಲೆ ನಿಲ್ತೀನಿ.”

ತುಕ್ಕಣ್ಣನ ಬಾಯಲ್ಲಿ ಬಿಸಿ ತುಪ್ಪ. ನನ್ನ ಮುಖ ನೋಡಿದ, ಗೋಡೆ ನೋಡಿದ, “ಬಂದಿದ್ದೆ,” ಎಂದ. ಅತ್ತಿಗೆಯ ಮೆಷಿನ್ನು ಒಂದು ಕ್ಷಣ ನಿಂತಿತು. ಮತ್ತೆ ಶುರುವಾದಾಗ ಹೊಲಿಗೆ ಎಲ್ಲೋ ಓರೆಯಾಗಿ ಹೋಗಿ ಅವರು ಅದನ್ನು ಬಿಚ್ಚುತ್ತಾ ಕುಳಿತರು.

ಅಂದಿನಿಂದ ಅವನು ಮಂಕಾದ. ಯಾರ ಮಂಡಿಯನ್ನೂ ತಟ್ಟಲಿಲ್ಲ. ಒಂದನೇ ತಾರೀಖು ಫಾರಂ ಬಂದಾಗ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿ ಇಟ್ಟ. ತುಕ್ಕು ಪೂರ್ತಿ ಇಳಿದವರು ಹೀಗೇ ಗಂಭೀರವಾಗುತ್ತಾರೆ ಎಂದು ಟೈಪಿಸ್ಟ್ ಅಕ್ಕ ಎಲ್ಲರಿಗೂ ತಿಳಿಸಿದರು.

ಫಲಿತಾಂಶ ಹೇಳುವ ಸಭೆ ಕ್ಲಿನಿಕ್ಕಿನ ಮೇಲಿನ ಹಾಲಿನಲ್ಲಿ. ನಮ್ಮ ಕಚೇರಿ ಅರ್ಧ ದಿನ ಬಾಗಿಲು ಹಾಕಿಕೊಂಡು ಬಂದಿತ್ತು. ಸಾಹೇಬರು ಮೊದಲ ಸಾಲಿನಲ್ಲಿ, ಬೂಟು ಬಿಚ್ಚಿ ಹೆಬ್ಬೆರಳಿಗೆ ಗಾಳಿಯಾಡಲು ಬಿಟ್ಟು ಕೂತಿದ್ದರು. ಅವರ ಪಕ್ಕ ಅತ್ತಿಗೆ. ನಾನು ಎಷ್ಟು ಹೇಳಿದರೂ ಹಿಂದೆ ಕೂರಲು ಒಪ್ಪಲಿಲ್ಲ. ಹುಡುಗಿ ಚುಕ್ಕೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದಳು. ಪ್ರೊಫೆಸರು ಎದ್ದು ಹದಿನೇಳನೇ ಚುಕ್ಕೆಯನ್ನು ಕೋಲಿನಿಂದ ಮುಟ್ಟಿ, ಈ ಮಹನೀಯರು ಇಲ್ಲೇ ಇದ್ದಾರೆ ಎಂದರು. ಚಪ್ಪಾಳೆಯಾಯಿತು. ಅಲ್ಲಿಗೆ ಮುಗಿದಿದ್ದರೂ ಆಗುತ್ತಿತ್ತು. ಸೂಜಿ ವೈದ್ಯರಿಗೆ ಉತ್ಸಾಹ ಬಂದು, ಇಷ್ಟು ಧೈರ್ಯವಂತರ ಮೇಲೆ ಒಂದು ಸೂಜಿ ಚುಚ್ಚಿ ಎಲ್ಲರಿಗೂ ತೋರಿಸುತ್ತೇನೆ, ಭಯ ಇರುವವರ ಭಯ ಹೋಗಲಿ ಎಂದರು.

ತುಕ್ಕಣ್ಣನನ್ನು ವೇದಿಕೆಯ ಕುರ್ಚಿಗೆ ಕರೆತಂದರು. ಕೂರುವ ಮುಂಚೆ ಕುರ್ಚಿ ತಟ್ಟಲಿಲ್ಲ, ಆಗಲೇ ನನಗೆ ಅನುಮಾನ ಬರಬೇಕಿತ್ತು. ವೈದ್ಯರು ಅವನ ಎಡಗೈ ಹಿಡಿದು ಹತ್ತಿಯಿಂದ ಒರೆಸಿ, ಸೂಜಿಯನ್ನು ಬೆಳಕಿಗೆ ಎತ್ತಿ ಹಿಡಿದರು. ಇವನು ಕಣ್ಣು ಮುಚ್ಚಿ ಜಪ ಶುರುಮಾಡಿದ. ಮಾರುಕಟ್ಟೆ, ರೈಲು ನಿಲ್ದಾಣ, ಆಸ್ಪತ್ರೆ, ಶಾಲೆ, ಮೈಕು ಹತ್ತಿರವಿದ್ದುದರಿಂದ ಹಾಲಿಗೆಲ್ಲ ಕೇಳುತ್ತಿತ್ತು. ಏನೋ ಮಂತ್ರವಿರಬೇಕೆಂದು ಸಾಹೇಬರೂ ಕಣ್ಣು ಮುಚ್ಚಿದರು. ಆರನೇದು ನೂಲಿನ ಗಿರಣಿಯದ್ದು. ಏಳನೇದಕ್ಕೆ ಬಂದು ನಿಂತ.

“ಏಳನೇದು ಡಬ್ ಅನ್ನತ್ತೆ,” ಎಂದ.

ಅವನು ಕಣ್ಣು ಬಿಟ್ಟು ನೇರವಾಗಿ ಆ ಹುಡುಗಿಯನ್ನು ನೋಡಿದ.

“ನಾನು ಒಂದು ಸಲಾನೂ ಸೂಜಿ ಚುಚ್ಚಿಸ್ಕೊಂಡಿಲ್ಲಮ್ಮಾ. ಮೊದಲ್ನೇ ದಿನವೇ ಹನ್ನೆರಡೂ ಸಹಿ ಹಾಕ್ಬಿಟ್ಟೆ. ಆಮೇಲೆ ಹೆದರ್ಕೊಂಡು ಓಡ್ಹೋದೆ. ನಂದು ತೆಗ್ದುಬಿಡು.”

ಅಲ್ಲಿಂದ ಅವನ ಮಾತು ನಿಲ್ಲಲಿಲ್ಲ. ಆ ಸಂಜೆಗಳಲ್ಲಿ ಸೇತುವೆ ಹತ್ತುತ್ತಿದ್ದುದು, ಏಳನೇದರ ಎಡಗಡೆ ಮೂರನೇ ಮೆಟ್ಟಿಲ ಕೆಳಗಿನ ತಗಡು ಹೊಸ ಬಣ್ಣದ ಅಡಿಯಲ್ಲಿ ಹಪ್ಪಳವಾಗಿದ್ದುದು, ಅದಕ್ಕೆ ತಾನು ಎರಡು ವರ್ಷದಿಂದ ದರ್ಜೆ ಒಂದು ಎಂದು ಸಹಿ ಹಾಕುತ್ತಿದ್ದುದು ಎಲ್ಲಾ ಬಂತು. ವರದಿ ಬರೆದರೆ ಯಾವಾಗ ನೋಡಿದೆ ಎಂದು ಕೇಳುತ್ತಾರೆ, ಆ ಹೊತ್ತಿಗೆ ತಾನು ಕ್ಲಿನಿಕ್ಕಿನ ಮಂಚದ ಮೇಲಿದ್ದೆ ಎಂದು ಕಾರ್ಡು ಹೇಳುತ್ತದೆ. ಅದಕ್ಕೇ ಹಲಗೆ ಅಡ್ಡ ಇಟ್ಟು ಹಸಿ ಬಣ್ಣದ ಬೋರ್ಡು ಹಾಕಿದೆ, ದಿನಾ ಹೋಗಿ ಬೋರ್ಡು ಇದೆಯೋ ಇಲ್ಲವೋ ನೋಡಿಕೊಂಡು ಬರುತ್ತಿದ್ದೆ ಎಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎನ್ನುತ್ತಾರಲ್ಲ, ಹಾಗೆ ನಾನು ನನ್ನ ಜೇಬಿನ ಪೆನ್ನು ಮುಟ್ಟಿ ನೋಡಿಕೊಂಡೆ. ಸಾಹೇಬರು ಬೂಟು ಹಾಕಿಕೊಳ್ಳಲು ಶುರುಮಾಡಿದರು.

“ಸಹಿ ಮೇಲೆ ಸೇತುವೆ ನಿಲ್ಲಲ್ಲಮ್ಮಾ,” ಎಂದ ತುಕ್ಕಣ್ಣ ಕೊನೆಗೆ. “ನಂಗೊತ್ತು. ನೀನು ಬೇರೆ ಅದರ ಮೇಲೆ ನಿಲ್ತೀನಿ ಅಂದೆ.”

ಇವನು ಸೂಜಿಗೆ ಹೆದರಿ ನಿಜ ಹೇಳಿದ ಎಂದು ಈಗಲೂ ಕೆಲವರು ಆಡಿಕೊಳ್ಳುತ್ತಾರೆ. ಅಂಥವರಿಗೆ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಅವನು ಮಾತಾಡುತ್ತಿದ್ದಾಗ ವೈದ್ಯರು, ಕೈ ಒರೆಸಿ ಆಗಿದೆ, ಸೂಜಿ ತೆಗೆದಾಗಿದೆ, ಸುಮ್ಮನೆ ಯಾಕೆ ದಂಡ ಎಂದು ಅಭ್ಯಾಸಬಲದಿಂದ ಅದನ್ನು ಚುಚ್ಚಿಬಿಟ್ಟಿದ್ದರು. ಹಲಗೆಯ ವಿಷಯ ಹೇಳುವಾಗಲೇ ಅದು ಹೆಬ್ಬೆರಳ ಬುಡದಲ್ಲಿ ನಿಂತಿತ್ತು. ತುಕ್ಕಣ್ಣನಿಗೆ ಗೊತ್ತೇ ಆಗಲಿಲ್ಲ. ಎಲ್ಲಾ ಹೇಳಿ ಮುಗಿಸಿ, ಕಣ್ಣೊರೆಸಿಕೊಳ್ಳಲು ಕೈಯೆತ್ತಿದಾಗ ನೋಡಿದ. ಏಳನೇ ಸೇತುವೆಯಲ್ಲೇ ಬಿದ್ದ.

ನೀರು ಚಿಮುಕಿಸಿದವರು ಅತ್ತಿಗೆ. ಅವನು ಕಣ್ಣು ಬಿಟ್ಟ ಮೇಲೆ ಹೇಳಿದರು: “ನಂಗೆ ಎರಡನೇ ವಾರವೇ ಗೊತ್ತಾಯ್ತು ಕಣ್ರೀ. ಸೂಜಿ ಚುಚ್ಚಿಸ್ಕೊಂಡವರು ಅಂಗೈ ತುಂಬ ತುಕ್ಕು ಮೆತ್ಕೊಂಡು ಬರ್ತಾರಾ? ನಿಮ್ಮ ಪ್ಯಾಂಟಿನ ಮಂಡಿಗೆ ಎರಡು ಸಲ ತೇಪೆ ಹಾಕಿದೀನಿ. ಹೇಗೋ ನಡೀತಿದ್ದಾರಲ್ಲ, ನಡೀಲಿ ಅಂತ ಬಿಟ್ಟೆ. ಆ ಹುಡುಗಿ ಮುಂದೆ ಬಂದಿದ್ದೆ ಅಂದ್ರಲ್ಲ, ಅವತ್ತಿಂದ ಊಟ ಸೇರಿಲ್ಲ ನಂಗೆ. ಇವತ್ತೂ ನೀವು ಬಾಯಿ ಬಿಡದೇ ಹೋಗಿದ್ರೆ ನಾನೇ ಎದ್ದು ಹೇಳೋಣ ಅಂತ ಮುಂದೆ ಕೂತಿದ್ದೆ.”

ಹುಡುಗಿ ಗೋಡೆಯ ಹತ್ತಿರ ನಿಂತಿದ್ದಳು. ಕಣ್ಣಲ್ಲಿ ನೀರಿತ್ತು, ಯಾರಿಗಿರುವುದಿಲ್ಲ ಹೇಳಿ. ಮೂರು ವರ್ಷ ದುಡಿದದ್ದು ಕೈಗೆ ಬಂದು ಬಾಯಿಗೆ ಬರದ ತುತ್ತಾಗಿತ್ತು. ಅವಳು ಹದಿನೇಳನೇ ಚುಕ್ಕೆಯನ್ನು ತೆಗೆದಳು. ಉಳಿದ ಚುಕ್ಕೆಗಳು ಇದ್ದೀತು, ಇಲ್ಲದೆಯೂ ಇದ್ದೀತು ಎನ್ನುತ್ತಾ ಗುಂಪಾಗಿ ಉಳಿದವು. ಪ್ರೊಫೆಸರು ಬಹಳ ಹೊತ್ತು ನೋಡಿ, ‘ಖಚಿತವಾಗಿ ಹೇಳಲಾಗದು, ಇನ್ನೂ ದೊಡ್ಡದಾಗಿ ನೋಡಬೇಕು’ ಎಂದು ಬರೆಯಲೂ ಧೈರ್ಯ ಬೇಕು, ಹಾಗೇ ಬರಿ ಎಂದರು. ಹಾಗಾದರೆ ಇವರ ತುಕ್ಕು ಇಳಿದದ್ದು ಮೆಟ್ಟಿಲು ಹತ್ತಿದ್ದರಿಂದಲೇನು ಎಂದು ಟೈಪಿಸ್ಟ್ ಅಕ್ಕ ಕೇಳಿದ್ದಕ್ಕೆ ಹುಡುಗಿ, ಒಬ್ಬರ ಲೆಕ್ಕ ಹಿಡಿದು ಅದನ್ನೂ ಹೇಳೋಕಾಗಲ್ಲ ಎಂದಳು. ಆ ಹೊತ್ತಿನಲ್ಲೂ ಹಾಗೆ ಹೇಳಿದಳಲ್ಲ, ನನಗೆ ಅವಳ ಮೇಲೆ ಗೌರವ ಬಂದದ್ದು ಆಗ.

ಏಳನೇ ಸೇತುವೆಯನ್ನು ಮರುದಿನವೇ ಮುಚ್ಚಿ ತಗಡು ಬದಲಾಯಿಸಿದರು. ಮೇಲಿನವರಿಂದ ಬಂದ ಬೈಗುಳವನ್ನು ಸಾಹೇಬರು ಮೂರು ಸಮಪಾಲು ಮಾಡಿ ತಮ್ಮ ಪಾಲನ್ನೂ ನನಗೇ ಕೊಟ್ಟರು. ಫಾರಂ ಈಗ ಸೇತುವೆಯ ಮೇಲೆ ನಿಂತು ತುಂಬಬೇಕು ಎಂದಾಯಿತು. ತುಕ್ಕಣ್ಣ ಹೋಗುತ್ತಾನೆ. ಅವನ ಫಾರಂ ಈಗ ನೋಡಲು ಅಸಹ್ಯ, ಒಂದು ಸಾಲು ನೀಲಿ, ಒಂದು ಸಾಲು ಕಪ್ಪು, ಅಲ್ಲಲ್ಲಿ ಮಳೆ ಹನಿ.

ನಾಲ್ಕು ತಿಂಗಳ ಮೇಲೆ ಹುಡುಗಿ ರಟ್ಟು ಹಾಕಿಸಿದ ಪ್ರಬಂಧ ಹಿಡಿದುಕೊಂಡು ಕಚೇರಿಗೇ ಬಂದಳು. ಪ್ರಬಂಧ ಒಪ್ಪಿಗೆಯಾಗಿತ್ತು. ಹದಿನೇಳನೆಯವರನ್ನು ಯಾಕೆ ಕೈಬಿಡಲಾಯಿತು ಎಂಬ ಒಂದು ಪುಟದ ಹೇಳಿಕೆಗೆ ಅವನ ಸಹಿ ಬೇಕಿತ್ತು, ಅದನ್ನು ಕಡತದಲ್ಲಿ ಇಡಬೇಕಂತೆ. ನಾನು ಪೆನ್ನು ಚಾಚಿದೆ. ಅವನು ಪೆನ್ನು ತೆಗೆದುಕೊಳ್ಳಲಿಲ್ಲ, ಕನ್ನಡಕ ತೆಗೆದು ಹಾಕಿಕೊಂಡ. ಮೊದಲಿನಿಂದ ಕೊನೆಯವರೆಗೆ ತುಟಿ ಅಲ್ಲಾಡಿಸುತ್ತಾ ಓದಿದ. ಎರಡು ಮಾತಿಗೆ ಅರ್ಥ ಕೇಳಿದ. ಆಮೇಲೆ ಒಂದು ಸಾಲಿನ ಮೇಲೆ ಬೆರಳಿಟ್ಟು, ಇದು ತಪ್ಪು ಎಂದ. ಚಿಕಿತ್ಸೆಗೆ ಒಮ್ಮೆಯೂ ಬಂದಿರಲಿಲ್ಲ ಎಂದು ಅಲ್ಲಿ ಬರೆದಿತ್ತು.

“ಮೊದಲ್ನೇ ದಿನ ಬಂದಿದ್ದೆ. ನಾಲ್ಕು ನಿಮಿಷ ಮಲಗಿದ್ದೆ. ಅದನ್ನ ಬರಿ.”

ಅವಳು ನಗು ತಡೆದುಕೊಂಡು ಬರೆದಳು. ಅವನು ಆ ತಿದ್ದುಪಡಿಯನ್ನೂ ಓದಿ ಸಹಿ ಹಾಕಿದ. ಒಂದು ಪುಟಕ್ಕೆ ಒಂದು ಸಹಿ, ನಲವತ್ತು ನಿಮಿಷ. ನಂತರ ಚೀಲದಿಂದ ಸುತ್ತಿಗೆ ತೆಗೆದು, ಪ್ರಬಂಧದ ರಟ್ಟಿನ ಮೇಲೆ ಒಮ್ಮೆ ಮೆಲ್ಲಗೆ ತಟ್ಟಿ, ಕಿವಿ ಹತ್ತಿರ ಇಟ್ಟು ಕೇಳಿದ. ಹುಡುಗಿ ಉಸಿರು ಹಿಡಿದು ನಿಂತಿದ್ದಳು.

“ಗಟ್ಟಿ ಇದೆಯಮ್ಮಾ,” ಎಂದ.

ಅವಳು ಪುಸ್ತಕವನ್ನು ಎದೆಗೆ ಒತ್ತಿಕೊಂಡು ಹೋದಳು. ತುಕ್ಕಣ್ಣ ಸುತ್ತಿಗೆಯನ್ನು ಇನ್ನೂ ಕೈಯಲ್ಲೇ ಹಿಡಿದುಕೊಂಡು, ಅವತ್ತಷ್ಟೇ ಬಂದಿದ್ದ ಫಾರಂನಲ್ಲಿ ಆಗಲೇ ‘ಪರಿಶೀಲಿಸಿದೆ’ ಎಂದಿದ್ದ ನನ್ನ ನಲವತ್ತೆರಡು ಸಹಿಗಳ ಕಡೆಗೆ ತಿರುಗಿದ. ನಾನು ಮಂಡಿಯನ್ನು ಮೇಜಿನ ಅಡಿಗೆ ಎಳೆದುಕೊಂಡೆ.